ಕಣ್ಣಿಗಿಟ್ಟ ಕುಂಕುಮ

ಬಂದೂಕಿಗೆ ಕಣ್ಣು ಕೊಟ್ಟವಳು ನಾನೇ. ಜಂಬಕ್ಕೆ ಹೇಳುತ್ತಿಲ್ಲ. ಒಂದು ಕಾಲದಲ್ಲಿ ಜಂಬ ಪಟ್ಟುಕೊಂಡೇ ಹೇಳಿಕೊಂಡು ತಿರುಗಿದವಳು, ಅದನ್ನೇನೂ ಮುಚ್ಚಿಡುವುದಿಲ್ಲ. ಟೀವಿಯವರು ಪ್ರಯೋಗಾಲಯಕ್ಕೆ ಬಂದ ದಿನ ಅಣ್ಣ ಕೊಡಿಸಿದ್ದ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಬಂದೂಕು ಹಿಡಿದು ಕ್ಯಾಮೆರಾ ಮುಂದೆ ನಿಂತಿದ್ದೆ. ಈಗ ಯಾರಾದರೂ ಏನು ಕೆಲಸ ನಿಮ್ಮದು ಎಂದು ಕೇಳಿದರೆ, ಸರ್ಕಾರಿ ಆಫೀಸಿನಲ್ಲಿ ಏನೋ ಒಂದು ಎಂದು ಮಾತು ತೇಲಿಸಿಬಿಡುತ್ತೇನೆ.

ಎರಡು ಸಾವಿರದ ನಲವತ್ತೊಂದರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷಕ್ಕೆ ಹತ್ತೊಂಬತ್ತು ಜನ ಪೊಲೀಸರು ಗುಂಡೇಟಿಗೆ ಸತ್ತರು. ಒಬ್ಬ ಮರಳಿನ ಲಾರಿಗೆ ಕೈ ಅಡ್ಡ ಹಿಡಿದಿದ್ದ. ಇನ್ನೊಬ್ಬ ಸಮನ್ಸ್ ಕೊಡಲು ಹೋಗಿದ್ದ. ಮತ್ತೊಬ್ಬಳು ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರ ನಡುವೆ ನಿಂತಿದ್ದಳು; ಅವಳಿಗೆ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಕೊಂದ ಬಂದೂಕುಗಳಲ್ಲಿ ಮುಕ್ಕಾಲು ಪಾಲು ಲೈಸನ್ಸ್ ಇದ್ದವೇ. ವಿಧಾನಸಭೆಯಲ್ಲಿ ಅರ್ಧ ಜನ ಎದ್ದು, ಇರೋ ಬಂದೂಕನ್ನೆಲ್ಲ ಕಿತ್ತುಕೊಂಡು ಕರಗಿಸಿ ಎಂದರು. ಇನ್ನರ್ಧ ಜನ ಎದ್ದು, ಕಾಡಂಚಿನ ರೈತ ಹೊಲಕ್ಕೆ ನುಗ್ಗಿದ ಹಂದಿಗೆ ಕೈಮುಗಿದು ನಿಲ್ಲಬೇಕೇ ಎಂದರು. ನಾಲ್ಕು ತಿಂಗಳು ಇದೇ ಕೂಗಾಟ. ಆ ನಾಲ್ಕು ತಿಂಗಳಲ್ಲಿ ಇನ್ನೂ ಆರು ಜನ ಸತ್ತರು. ಕೊನೆಗೆ ಇಬ್ಬರೂ ಸುಸ್ತಾಗಿ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದರು. ಬಂದೂಕೂ ಇರಬೇಕು, ಪೊಲೀಸನೂ ಸಾಯಬಾರದು, ಅಂಥದ್ದೇನಾದರೂ ಮಾಡಿಕೊಡಿ ಎಂದರು. ನಾವು ಬೀಗಿಹೋದೆವು.

ಮಾಡಿದ್ದು ಬಲು ಸರಳ. ಪೊಲೀಸರ ಖಾಕಿಯ ಭುಜಪಟ್ಟಿ, ಕಾಲರು, ಎದೆಯ ಜೇಬು, ಬೆನ್ನು, ಈ ಕಡೆಗಳಲ್ಲಿ ಒಂದು ಬಗೆಯ ಗಾಜಿನ ನೂಲು ಸೇರಿಸಿ ಹೊಲಿಸಿದೆವು. ಬಂದೂಕಿನ ನಳಿಗೆಯ ತುದಿಗೆ ಹಣೆಬೊಟ್ಟಿನಷ್ಟು ಅಗಲದ ಒಂದು ಗುಂಡು ಗಾಜು ಕೂರಿಸಿದೆವು. ಅದೇ ಕಣ್ಣು. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಅದು ಸದಾ ಮುಂದಕ್ಕೆ ಚೆಲ್ಲುತ್ತಿರುತ್ತದೆ. ಎದುರಿಗೆ ಆ ನೂಲಿದ್ದರೆ ಬೆಳಕು ಒಂದು ವಿಶೇಷ ಲಯದಲ್ಲಿ ತಿರುಗಿ ಬರುತ್ತದೆ. ಬಂದ ತಕ್ಷಣ ಒಂದು ಉಕ್ಕಿನ ಕಡ್ಡಿ, ಗುಂಡು ಹಾರಿಸಲು ಬೆರಳಲ್ಲಿ ಎಳೆಯುವ ಕುದುರೆಯ ಹಿಂದೆ ಅಡ್ಡ ಬೀಳುತ್ತದೆ. ನೀವು ಎಷ್ಟೇ ಎಳೆದರೂ ಕುದುರೆ ಅರ್ಧ ಬಂದು ಟಕ್ ಎಂದು ನಿಂತುಬಿಡುತ್ತದೆ. ಕಣ್ಣನ್ನೇ ಕಿತ್ತು ಬಿಸಾಡಿದರೆ ಬಂದೂಕು ದೊಣ್ಣೆಗೆ ಸಮ.

ಒಂದೇ ಒಂದು ಪ್ರಶ್ನೆ ಉಳಿದಿತ್ತು. ಕಣ್ಣಿಗೆ ಕೆಸರು ಮೆತ್ತಿಕೊಂಡರೆ? ಜೇಡ ಬಲೆ ಕಟ್ಟಿದರೆ? ಹಾಗೆ ಮುಚ್ಚಿಹೋದದ್ದು ಕಣ್ಣಿಗೇ ಗೊತ್ತಾಗುತ್ತದೆ, ಏಕೆಂದರೆ ಬೆಳಕು ಅಲ್ಲೇ ಬಡಿದು ವಾಪಸ್ಸು ಬರುತ್ತದೆ. ಗೊತ್ತಾದ ಮೇಲೆ ಅದು ಏನು ಮಾಡಬೇಕು? ಬಂದೂಕನ್ನು ಹೊಡೆಯಲು ಬಿಡಬೇಕೋ, ಕಟ್ಟಿಹಾಕಬೇಕೋ? ಪೊಲೀಸರ ಕಡೆಯವರು ಕಟ್ಟಿಹಾಕಿ ಎಂದರು. ಲೈಸನ್ಸ್‌ದಾರರ ಸಂಘದವರು ಬಿಡಬೇಕು ಎಂದು ಮೇಜು ಕುಟ್ಟಿದರು. ನಮ್ಮ ನಿರ್ದೇಶಕರು ಕೈ ತೊಳೆದುಕೊಂಡು, ಗುರುಮಲ್ಲಮ್ಮ, ಯಂತ್ರ ನಿನ್ನದು, ನೀನೇ ತೀರ್ಮಾನ ಮಾಡು ಎಂದುಬಿಟ್ಟರು.

ನಾನು ಆ ಪ್ರಶ್ನೆಯನ್ನು ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಹೋದೆ. ನಮ್ಮಣ್ಣ ರಾಚಪ್ಪ ಕಣಿವೆಹುಂಡಿ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್. ನಾವು ಹುಟ್ಟಿದ್ದೂ ಅದೇ ಊರು, ಬೆಟ್ಟದ ಸಾಲಿಗೆ ಅಂಟಿಕೊಂಡ ಊರು, ಅರಿಶಿನ ಬೆಳೆಯುವ ಸೀಮೆ. ಭಾನುವಾರ ಮಧ್ಯಾಹ್ನ ಕ್ವಾರ್ಟರ್ಸಿನ ಸಣ್ಣ ಅಡಿಗೆಮನೆಯಲ್ಲಿ ಅಣ್ಣ ಮುದ್ದೆ ಮುರಿಯುತ್ತಾ ಕೂತಿದ್ದ. ಅತ್ತಿಗೆ ದೇವಮ್ಮಣ್ಣಿ ಬಡಿಸುತ್ತಿದ್ದಳು. ನಾನು ಕೇಳಿದೆ. ಅತ್ತಿಗೆ ಅವನಿಗೆ ಬಾಯಿ ತೆರೆಯಲೂ ಬಿಡದೆ, ಇದ್ದಬದ್ದ ಬಂದೂಕನ್ನೆಲ್ಲ ಹಾಳುಬಾವಿಗೆ ಹಾಕಬೇಕು, ಆಮೇಲೆ ಕಣ್ಣೂ ಬೇಡ ಮೂಗೂ ಬೇಡ ಎಂದಳು. ಅಣ್ಣ ನಕ್ಕ. ಬೆರಳು ನೆಕ್ಕಿಕೊಂಡು ಹೇಳಿದ:

"ಹೊಡೀಲಿ ಬುಡವ್ವ. ಕೆಸರಲ್ಲಿ ಬಿದ್ದು ಎದ್ದವ ಬಂದೂಕ ಎತ್ತೋ ಹೊತ್ಗ ಅದು ಮೂಗಾದ್ರ, ಹಂದಿ ಅವನ ತೊಡೆ ಸೀಳಾಕ್ಬುಡ್ತದ. ನಾವು ಪೋಲೀಸ್ನೋರು ಹೆಂಗೋ ಬದೀಕತೀವಿ."

ಸಾಯುವ ಕಡೆಯವನೇ ಹಾಗೆ ಹೇಳಿದ ಮೇಲೆ ಇನ್ನೇನು ಎಂದು ನಾನು ಹಗುರಾಗಿ ವಾಪಸ್ಸು ಬಂದೆ. ಕಣ್ಣು ಮುಚ್ಚಿದ್ದರೆ ಬಂದೂಕು ಹೊಡೆಯಲಿ ಎಂದು ಒಂದು ಸಾಲು ಬರೆದೆ. ಅಷ್ಟಕ್ಕೇ ಬಿಡಬಾರದೆಂದು ಹಿಡಿಯ ಹತ್ತಿರ ಒಂದು ಕೆಂಪು ದೀಪ ಇಟ್ಟೆ, ಕಣ್ಣು ಮುಚ್ಚಿದ್ದಾಗ ಉರಿಯಲಿ ಎಂದು. ಕಡಲೆಕಾಳಿನಷ್ಟು ದೀಪ. ಹಾಡುಹಗಲಿನ ಬಿಸಿಲಿನಲ್ಲಿ ಅದು ಕಾಣುತ್ತದೆಯೇ ಎಂದು ನಾನು ಒಂದು ದಿನವೂ ಹೊರಗೆ ತೆಗೆದುಕೊಂಡು ಹೋಗಿ ನೋಡಲಿಲ್ಲ. ಪ್ರಯೋಗಾಲಯದ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಕಣ್ಣು ಹಾಕಿದ ಮೊದಲ ವರ್ಷ ಲೈಸನ್ಸ್ ಬಂದೂಕಿಗೆ ಒಬ್ಬ ಪೊಲೀಸನೂ ಸಾಯಲಿಲ್ಲ. ನಮ್ಮ ಪುಸ್ತಿಕೆಯ ಮುಖಪುಟದಲ್ಲಿ ದೊಡ್ಡದೊಂದು ಸೊನ್ನೆ ಅಚ್ಚು ಹಾಕಿಸಿದೆವು. ಒಳಗಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಉಳಿದದ್ದಿತ್ತು: ಮಚ್ಚಿಗೆ ಏಳು ಜನ, ಲಾರಿ ಹತ್ತಿಸಿದ್ದಕ್ಕೆ ನಾಲ್ಕು ಜನ, ನಾಡಪಿಸ್ತೂಲಿಗೆ ಆರು ಜನ. ಕೊಲ್ಲಬೇಕೆಂದು ಹೊರಟವನಿಗೆ ದಾರಿ ಸಿಕ್ಕೇ ಸಿಗುತ್ತಿತ್ತು. ಆದರೂ ಜನ ಕಣ್ಣನ್ನು ನಂಬಿದರು, ಕೆಲವರು ದೇವರನ್ನು ನಂಬಿದ ಹಾಗೆ. ಅಣ್ಣನ ಹಳೇ ಖಾಕಿಯಿಂದ ನೂಲು ಬಿಚ್ಚಿಕೊಡು ಎಂದು ಊರಿನ ಹೆಂಗಸರು ಅತ್ತಿಗೆಯ ತಲೆ ತಿನ್ನುತ್ತಿದ್ದರು, ಮಕ್ಕಳ ತಾಯತಕ್ಕೆ ಸೇರಿಸಿ ಕಟ್ಟಲು.

ಇನ್ನೊಂದು ನಡೆಯಿತು. ಅದು ಯಾವ ಸಮಿತಿಯ ತಲೆಗೂ ಹೊಳೆದಿರಲಿಲ್ಲ. ಪೊಲೀಸರ ಮೇಲೆ ಬಂದೂಕು ಹಿಡಿಯುವುದು ತಮಾಷೆಯಾಯಿತು. ಮೊದಲೆಲ್ಲ ಖಾಕಿ ಕಂಡರೆ ನಳಿಗೆಯನ್ನು ನೆಲಕ್ಕೆ ತಿರುಗಿಸುತ್ತಿದ್ದ ಜನ ಈಗ ಬೇಕೆಂದೇ ಎತ್ತಿ, ಗುರಿ ಹಿಡಿದು, ಎಳೆಯುತ್ತಿದ್ದರು. ಟಕ್. ಸುತ್ತ ನಿಂತವರು ಗೊಳ್ಳೆಂದು ನಗುತ್ತಿದ್ದರು. ಅದಕ್ಕೆ ಟಕ್ಕು ಹಾಕೋದು ಎಂದು ಹೆಸರೇ ಬಿತ್ತು. ಮದ್ದುಗುಂಡು ತುಂಬಿದ ಬಂದೂಕೇ ಆಗಬೇಕು, ಖಾಲಿಯದರಲ್ಲಿ ಏನು ಮಜಾ? ಪೊಲೀಸರಿಗೂ ಅಭ್ಯಾಸವಾಗಿ ಹೋಗಿತ್ತು. ಎದೆ ಉಬ್ಬಿಸಿ ನಿಂತು, ಹೊಡಿಯಲೇ ನೋಡಾನ ಎನ್ನುತ್ತಿದ್ದರು.

ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಇದನ್ನು ನಾನೇ ಕಣ್ಣಾರೆ ಕಂಡೆ. ಅಣ್ಣ ಡ್ಯೂಟಿಯಿಂದ ನೇರ ಖಾಕಿಯಲ್ಲೇ ಚಪ್ಪರಕ್ಕೆ ಬಂದ. ಅವನ ಗೆಳೆಯ ಬೆಳ್ಳಶೆಟ್ಟಿ ಹೊಲದಿಂದ ನೇರ ಬಂದೂಕಿನ ಸಮೇತ ಬಂದಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಬೆಳ್ಳಶೆಟ್ಟಿ ಬಂದೂಕೆತ್ತಿ ಅಣ್ಣನ ಎದೆಗೆ ಗುರಿ ಹಿಡಿದ, ಎಳೆದ, ಟಕ್ ಎಂದಿತು. ಅಣ್ಣ ಎದೆ ಹಿಡಿದುಕೊಂಡು ಅಯ್ಯೋ ಸತ್ತೇ ಎಂದು ಜಮಖಾನದ ಮೇಲೆ ಉರುಳಿದ. ಚಪ್ಪರವೇ ಹಾರಿಹೋಗುವ ಹಾಗೆ ನಗು. ನನಗೆ ಸಿಟ್ಟು ಬಂತು, ಬೈದೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಆಯಿತು. ನಗದೆ ಇದ್ದವಳು ಅತ್ತಿಗೆ ಒಬ್ಬಳೇ. ಅವಳು ಎಲೆ ಮುಂದಿನಿಂದ ಎದ್ದು ಹೋಗಿಬಿಟ್ಟಳು.

ಮುಂದಿನ ವರ್ಷ ದಸರಾ ಹೊತ್ತಿಗೇ ಚುನಾವಣೆ ಬಂತು. ಚುನಾವಣೆ ಎಂದರೆ ಲೈಸನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಗೆ ತಂದೊಪ್ಪಿಸಿ, ಮುಗಿದ ಮೇಲೆ ವಾಪಸ್ಸು ಒಯ್ಯಬೇಕು. ಇದು ಮೊದಲಿಂದಲೂ ಇರುವ ಪದ್ಧತಿ. ಕಣಿವೆಹುಂಡಿ ಠಾಣೆಗೆ ಮೂವತ್ತೆಂಟು ಬಂದೂಕು ಬಂದವು. ಅವುಗಳ ಉಸ್ತುವಾರಿ ಅಣ್ಣನದು. ಜನರ ಬಂದೂಕಿಗೆ ಚೀಟಿ ಕಟ್ಟಿ ಬೀಗ ಹಾಕಿಡಬೇಕೇ ಹೊರತು ಬೆರಳು ಸೋಕಿಸಬಾರದು ಎಂಬುದು ನಿಯಮ.

ಆಯುಧಪೂಜೆಯ ದಿನ ಬೆಳಿಗ್ಗೆ ಅಣ್ಣನ ಫೋನು ಬಂತು. ಠಾಣೆಯ ರೈಫಲ್ಲು, ಲಾಠಿ, ಜೀಪು ಎಲ್ಲಕ್ಕೂ ಪೂಜೆ ಆಯಿತಂತೆ. ಜನರ ಬಂದೂಕುಗಳು ಮಾತ್ರ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದವಂತೆ. ವರ್ಷಕ್ಕೊಂದು ದಿನದ ಹಬ್ಬ, ಅವರವರ ಮನೆಯಲ್ಲಿದ್ದಿದ್ದರೆ ಪೂಜೆ ಕಾಣುತ್ತಿದ್ದವಲ್ಲ, ನಮ್ಮ ಬಳಿ ಇರುವುದಕ್ಕೆ ಅನಾಥವಾಗಬೇಕೇ ಎಂದು ಅವನಿಗೆ ಕರುಳು ಚುರುಕ್ ಎಂದಿತಂತೆ. ಬೀಗ ತೆಗೆಸಿ ಮೂವತ್ತೆಂಟನ್ನೂ ಹೊರಗೆ ತಂದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟನಂತೆ. ಬೊಟ್ಟು ಇಡುವುದಕ್ಕೆಂದೇ ನೀನು ಜಾಗ ಮಾಡಿಟ್ಟಂಗಿದೆ ಕಣವ್ವ ಎಂದು ನಕ್ಕ. ಒಂದು ಫೋಟೋ ಕಳಿಸಿದ. ಗೋಡೆಗೆ ಸಾಲಾಗಿ ಒರಗಿಸಿದ ಬಂದೂಕುಗಳು, ಒಂದೊಂದರ ತುದಿಯಲ್ಲೂ ದುಂಡಗೆ, ಎಣ್ಣೆಯಲ್ಲಿ ಕಲೆಸಿಟ್ಟ ದಪ್ಪ ಕುಂಕುಮ.

ನಾನು ಆ ಫೋಟೋ ನೋಡಿದೆ. ಅದನ್ನು ನೀವು ಗಮನಿಸಬೇಕು. ಕಣ್ಣನ್ನು ಮಾಡಿದವಳು, ಕಣ್ಣು ಮುಚ್ಚಿದರೆ ಹೊಡೆಯಲಿ ಎಂದು ಬರೆದವಳು, ಮೂವತ್ತೆಂಟು ಮುಚ್ಚಿದ ಕಣ್ಣುಗಳನ್ನು ಮೂಗಿನ ಮುಂದೆ ಹಿಡಿದು ನೋಡಿದೆ. ನನಗೆ ಕಂಡದ್ದು ಹಬ್ಬ. ಲಕ್ಷಣವಾಗಿದೆ ಕಣಣ್ಣ ಎಂದು ಹೇಳಿ ಒಲೆಯ ಮೇಲಿದ್ದ ಪಾಯಸ ತಿರುವಲು ಹೋದೆ. ಕೆಸರಿನ ಬಗ್ಗೆ, ಜೇಡರ ಬಲೆಯ ಬಗ್ಗೆ, ಇಬ್ಬನಿಯ ಬಗ್ಗೆ ಆರು ತಿಂಗಳು ತಲೆ ಕೆಡಿಸಿಕೊಂಡಿದ್ದ ನಾನು ಕುಂಕುಮವನ್ನು ಕೊಳೆಯ ಪಟ್ಟಿಗೆ ಸೇರಿಸಿಯೇ ಇರಲಿಲ್ಲ.

ಹತ್ತು ದಿನಕ್ಕೆ ಚುನಾವಣೆ ಮುಗಿದು ಬಂದೂಕುಗಳು ಮನೆಮನೆಗೆ ವಾಪಸ್ಸಾದವು. ದೇವರಿಗೆ ಇಟ್ಟ ಕುಂಕುಮವನ್ನು ಯಾರು ಕೈಯಾರೆ ಒರೆಸುತ್ತಾರೆ? ತಾನಾಗಿ ಉದುರಲಿ ಎಂದು ಬಿಟ್ಟರು. ಮರುದಿನವೇ ಹನ್ನೊಂದು ಗಂಟೆಯ ಹೊತ್ತಿಗೆ ಅಣ್ಣ ಯಾರಿಗೋ ನೋಟಿಸು ಕೊಡಲು ಬೈಕಿನಲ್ಲಿ ಊರೊಳಗೆ ಹೋದ. ಬೆಳ್ಳಶೆಟ್ಟಿ ಜಗಲಿಯ ಮೇಲೆ ಬಂದೂಕಿಗೆ ಮದ್ದು ತುಂಬಿ ಮುಗಿಸಿದ್ದ. ಅವನ ಅರಿಶಿನದ ಹೊಲಕ್ಕೆ ಹಂದಿ ಬಿದ್ದು ವಾರವಾಗಿತ್ತು. ಅಣ್ಣ ಬೈಕು ನಿಲ್ಲಿಸಿ, ಏನಲಾ ಬೆಳ್ಳ, ಕಾಫಿ ಕಾಸಿದ್ದಾರಾ ಎಂದನಂತೆ. ಬೆಳ್ಳಶೆಟ್ಟಿ ನಗುತ್ತಾ ಬಂದೂಕೆತ್ತಿ, ಮದ್ಲು ಕೈ ಮ್ಯಾಕೆತ್ತು ಎಂದನಂತೆ. ಅಣ್ಣ ಎರಡೂ ಕೈ ಎತ್ತಿ ನಿಂತ. ಹಿಡಿಯ ಹತ್ತಿರದ ಕೆಂಪು ದೀಪ ಆ ಬಿಸಿಲಿನಲ್ಲಿ ಯಾರಿಗೂ ಕಾಣಲಿಲ್ಲ. ಬೀದಿಯಲ್ಲಿದ್ದವರು ನಗಲು ತಯಾರಾಗಿ ನಿಂತು ನೋಡುತ್ತಿದ್ದರಂತೆ.

ಟಕ್ ಎನ್ನಲಿಲ್ಲ.

ಬೆಳ್ಳಶೆಟ್ಟಿಯೇ ಅಣ್ಣನನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲೇ ಹೋಯಿತು ಜೀವ. ಬೆಳ್ಳಶೆಟ್ಟಿ ಆಸ್ಪತ್ರೆಯಿಂದ ನೇರ ಠಾಣೆಗೆ ಹೋಗಿ, ಮೈತುಂಬ ರಕ್ತ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತುಕೊಂಡನಂತೆ. ನಾನು ಊರು ಸೇರುವ ಹೊತ್ತಿಗೆ ಟೀವಿಯವರು ಅಲ್ಲಿದ್ದರು. ಹಾಡುಹಗಲೇ, ಕೈಯೆತ್ತಿ ಶರಣಾದ ಪೊಲೀಸನ ಹತ್ಯೆ ಎಂದು ಕೂಗುತ್ತಿದ್ದರು. ಕೈಯೆತ್ತಿದ್ದು ನಿಜವೇ, ಬೀದಿಯ ಜನರೆಲ್ಲ ನೋಡಿದ್ದರು. ನನ್ನ ಅಣ್ಣ ಐವತ್ತೆರಡು ವರ್ಷದ ಗಂಡಸು, ಮಗುವಿನ ಹಾಗೆ ಆಡುತ್ತಾ ಸತ್ತ.

ಮೂರನೇ ದಿನ ಬಂದೂಕು ನಮ್ಮ ಪ್ರಯೋಗಾಲಯಕ್ಕೆ ಬಂತು. ಕಣ್ಣನ್ನು ಬಿಚ್ಚಿ ನೋಡಲು ಬರುವುದು ರಾಜ್ಯದಲ್ಲಿ ನಮಗೆ ಮಾತ್ರ. ನಿರ್ದೇಶಕರು ನೀನು ಮುಟ್ಟಬೇಡ, ನೀನು ಅವನ ತಂಗಿ ಎಂದರು. ಬೇರೆ ಯಾರಿಗೂ ಬರುವುದಿಲ್ಲವಲ್ಲ ಸಾರ್ ಎಂದೆ. ಅವರು ಪಕ್ಕದಲ್ಲೇ ನಿಂತರು. ದೀಪದ ಕೆಳಗೆ ಹಿಡಿದೆ. ವಿಭೂತಿ ಉದುರಿಹೋಗಿತ್ತು. ಕುಂಕುಮ ಮಾತ್ರ ಗಟ್ಟಿಯಾಗಿ, ಗಾಜಿನ ಅಂಚಿನ ತನಕ ಕೂತಿತ್ತು. ಫೋನು ತೆಗೆದು ನೋಡುವ ಅಗತ್ಯವೇ ಬೀಳಲಿಲ್ಲ, ಅಣ್ಣನ ಕೈ ಅದು ಎಂದು ಗೊತ್ತಾಯಿತು. ನಮ್ಮಪ್ಪ ಹಾಗೆಯೇ ಉಂಗುರದ ಬೆರಳಲ್ಲಿ ಒತ್ತಿ, ಸ್ವಲ್ಪ ಬಲಕ್ಕೆ ತಿರುವಿ ಇಡುತ್ತಿದ್ದ, ಅಣ್ಣನೂ ಹಾಗೆಯೇ. ಕಣ್ಣಿನ ನೆನಪಿನಲ್ಲಿ ಉಳಿಯುವುದು ಕೊನೆಯ ಹೊಡೆತದ ಸ್ಥಿತಿ ಒಂದೇ. ತೆಗೆದು ಓದಿದೆ. ಮುಚ್ಚಿತ್ತು ಎಂದು ಬಂತು. ಯಾವಾಗಿನಿಂದ ಮುಚ್ಚಿತ್ತು ಎಂಬುದನ್ನು ಅದು ಹೇಳುವುದಿಲ್ಲ. ತೂಕ ಹೆಚ್ಚುತ್ತದೆ ಎಂದು ಗಡಿಯಾರವನ್ನು ನಾನೇ ತೆಗೆಸಿದ್ದೆ.

ಆಗ ನೆನಪಾಯಿತು, ಇನ್ನೂ ಮೂವತ್ತೇಳು ಇವೆ. ಆ ಕ್ಷಣವೇ ಠಾಣೆಗೆ ಫೋನು ಮಾಡಿ, ಸಬ್ ಇನ್ಸ್‌ಪೆಕ್ಟರಿಗೆ ವಿಷಯ ತಿಳಿಸಿ, ಎಲ್ಲ ಬಂದೂಕನ್ನೂ ತರಿಸಿಕೊಳ್ಳಿ, ಇಲ್ಲದಿದ್ದರೆ ಇನ್ನೊಂದು ಹೆಣ ಬೀಳುತ್ತದೆ ಎಂದೆ. ಸಂಜೆಯೊಳಗೆ ಅವರೇ ವಾಪಸ್ಸು ಫೋನು ಮಾಡಿದರು. ಎಲ್ಲವನ್ನೂ ಪರೀಕ್ಷೆ ಮಾಡಿದ್ದೇವೆ ಮೇಡಂ, ಒಂದರಲ್ಲೂ ಕುಂಕುಮ ಇಲ್ಲ, ಎಲ್ಲ ಕನ್ನಡಿಯಂತಿವೆ ಎಂದರು. ಠಾಣೆಯಲ್ಲಿ ಜನರ ಬಂದೂಕಿಗೆ ಪೂಜೆ ಮಾಡಿಯೇ ಇಲ್ಲ, ನಿಯಮ ನಮಗೆ ಗೊತ್ತಿಲ್ಲವೇ ಎಂದೂ ಸೇರಿಸಿದರು. ಜೀವ ಉಳಿಸಲು ಮಾಡಿದ ಫೋನಿನಲ್ಲಿ ನಾನೇ ಸಾಕ್ಷಿಯನ್ನೆಲ್ಲ ಒರೆಸಿಹಾಕಿಸಿದ್ದೆ. ಬಂದೂಕಿನ ಮಾಲೀಕರಾದರೂ ಬಾಯಿ ಬಿಡುತ್ತಾರೇನೋ ಎಂದುಕೊಂಡೆ. ಕಣ್ಣು ಮುಚ್ಚಿದ ಬಂದೂಕು ಮನೆಯಲ್ಲಿತ್ತು ಎಂದು ಒಪ್ಪಿಕೊಂಡರೆ ಲೈಸನ್ಸ್ ರದ್ದಾಗಿ ಜೈಲು. ಒಬ್ಬರೂ ಬಿಡಲಿಲ್ಲ.

ಟೀವಿಯಲ್ಲಿ ಮತ್ತೆ ಅದೇ ಎರಡು ಗುಂಪು. ಕಣ್ಣು ಸೋತಿತು, ಈಗಲಾದರೂ ಬಂದೂಕು ಕಿತ್ತುಕೊಳ್ಳಿ ಎಂದು ಒಂದು ಕಡೆ. ಈ ಹಾಳು ಕಣ್ಣು ಇಲ್ಲದಿದ್ದರೆ ತಮಾಷೆಗಾದರೂ ಯಾರು ಪೊಲೀಸರಿಗೆ ಗುರಿ ಹಿಡಿಯುತ್ತಿದ್ದರು ಎಂದು ಇನ್ನೊಂದು ಕಡೆ. ಇಬ್ಬರೂ ಹೇಳುವುದು ನಿಜ ಎನ್ನಿಸುತ್ತಿತ್ತು. ನಿಜ ಹೇಳುವ ಎರಡು ಗುಂಪಿನ ನಡುವೆ ಮನುಷ್ಯರು ಹೀಗೇ ಸಾಯುತ್ತಾ ಹೋಗುತ್ತಾರೆ ಎಂದೂ ಅನ್ನಿಸುತ್ತಿತ್ತು. ಹಿಂದಿನ ಆ ನಾಲ್ಕು ತಿಂಗಳ ಗಲಾಟೆಯಲ್ಲೇ ಸರ್ಕಾರ ಒಂದು ಕಾನೂನು ಮಾತ್ರ ಮಾಡಿ ಮುಗಿಸಿತ್ತು. ಪೊಲೀಸನನ್ನು ಬೇಕೆಂದೇ ಕೊಂದವನು ಉಸಿರಿರುವ ತನಕ ಜೈಲಿನಲ್ಲೇ ಇರಬೇಕು. ಬಿಡುಗಡೆ ಇಲ್ಲ, ಪೆರೋಲ್ ಇಲ್ಲ.

ವರದಿ ಬರೆಯುವ ಹಿಂದಿನ ದಿನ ಅತ್ತಿಗೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಹಣೆ ಬೋಳಾಗಿತ್ತು. ನನಗೆ ಆ ಹಣೆ ನೋಡಲಾಗಲಿಲ್ಲ, ಕಾಫಿ ಮಾಡುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ. ಅವಳಿಗೆ ಎಲ್ಲ ಗೊತ್ತಿತ್ತು. ಆವತ್ತು ಎಣ್ಣೆ ಹಾಕಿ ಕುಂಕುಮ ಕಲೆಸಿ ಬಟ್ಟಲಲ್ಲಿ ಠಾಣೆಗೆ ಕಳಿಸಿದ್ದವಳೇ ಅವಳು. ಠಾಣೆಯ ಮುಂದೆ ಅಣ್ಣನ ಹೆಸರಿನ ಕಲ್ಲು ನಿಲ್ಲಿಸಿದ್ದಾರೆಂದು ಹೇಳಿದಳು. ಮಗಳಿಗೆ ಇಲಾಖೆಯಲ್ಲಿ ಕೆಲಸದ ಆದೇಶ ಬರುವುದರಲ್ಲಿದೆ ಎಂದಳು. ನಿಯಮ ಮುರಿದು ಜನರ ಬಂದೂಕು ಮುಟ್ಟಿದ ಎಂದಾದರೆ ಕಲ್ಲೂ ಹೋಗುತ್ತದೆ, ಕೆಲಸವೂ ಹೋಗುತ್ತದೆ, ಅದೆಲ್ಲ ಹೋಗಲಿ ಬಿಡು ಎಂದಳು. ಆಮೇಲೆ ಲೋಟ ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡು ಹೇಳಿದಳು:

"ನಾ ಕಲೆಸ್ದ ಕುಂಕುಮ, ಅವ್ರು ಇಟ್ಟ ಬೊಟ್ಟು, ಅದ್ರಿಂದ್ಲೇ ಅವ್ರು ಹೋದ್ರು ಅಂತ ನೀ ಬರ್ದ್ರ, ನಾ ಯಾವ ದೇವ್ರ ಮುಂದ ನಿಂತ್ಕಳ್ಲಿ ಗುರುಮಲ್ಲಿ?"

ಬೆಳ್ಳಣ್ಣನ ಗತಿ ಏನು ಅತ್ತಿಗೆ ಎಂದು ಕೇಳಿದೆ. ಗುಂಡು ಹೊಡೆದವನು ಅವನೇ ತಾನೇ ಎಂದು ಅವಳು ಗೋಡೆಗೆ ಹೇಳಿದಳು.

ನಾನು ಸುಳ್ಳು ಬರೆಯಲಿಲ್ಲ. ಇದನ್ನು ಬೇಕಾದರೆ ನನ್ನ ಹೆಣದ ಮೇಲೂ ಬರೆಯಿರಿ. ಕಣ್ಣಿನ ಮೇಲೆ ಎಣ್ಣೆ ಬೆರೆಸಿದ ಕುಂಕುಮದ ಪದರ ಇತ್ತು, ಹೊಡೆದ ಕ್ಷಣದಲ್ಲಿ ಕಣ್ಣು ಮುಚ್ಚಿತ್ತು, ಯಂತ್ರದಲ್ಲಿ ಬೇರೆ ದೋಷವಿಲ್ಲ. ಮೂರೂ ನಿಜ. ಯಾರು ಇಟ್ಟರು ಎಂಬ ನಾಲ್ಕನೆಯ ಸಾಲು ಮಾತ್ರ ಬರೆಯಲಿಲ್ಲ. ಅತ್ತಿಗೆಗಾಗಿ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಬರೆದರೆ ಫೋಟೋ ತೋರಿಸಬೇಕಿತ್ತು, ಅದರ ಕೆಳಗೆ ಲಕ್ಷಣವಾಗಿದೆ ಕಣಣ್ಣ ಎಂಬ ನನ್ನ ಮಾತೂ ಇತ್ತು.

ಆ ಮೂರು ನಿಜಗಳು ಕೋರ್ಟಿನಲ್ಲಿ ಬೆಳ್ಳಶೆಟ್ಟಿಯ ಕುತ್ತಿಗೆಗೆ ಹೇಗೆ ಸುತ್ತಿಕೊಂಡವು ಎಂಬುದನ್ನು ನಾನು ಬೆಂಚಿನ ಮೇಲೆ ಕೂತು ನೋಡಿದೆ. ಕಣ್ಣು ತೆರೆದಿದ್ದರೆ ಬಂದೂಕು ಹೊಡೆಯುವುದಿಲ್ಲ ಎಂಬುದು ಹಸುಗೂಸಿಗೂ ಗೊತ್ತು, ಆದ್ದರಿಂದಲೇ ಆರೋಪಿ ಬೇಕೆಂದೇ ಕುಂಕುಮ ಬಳಿದು ಕಣ್ಣು ಮುಚ್ಚಿದ್ದಾನೆ, ಇದಕ್ಕಿಂತ ಪೂರ್ವಸಂಚು ಬೇಕೇ ಎಂದರು ಸರ್ಕಾರಿ ವಕೀಲರು. ಹಿಂದಿನ ವರ್ಷ ಅಣ್ಣ ಅವನ ಮೇಲೆ ಇಸ್ಪೀಟಿನ ಕೇಸು ಹಾಕಿದ್ದನ್ನು ಹಗೆ ಎಂದು ತೋರಿಸಿದರು. ಆ ಕೇಸು ಹಾಕಿದ ಸಂಜೆ ಇಬ್ಬರೂ ಒಟ್ಟಿಗೆ ಕೂತು ಬೋಂಡ ತಿಂದಿದ್ದನ್ನು ಯಾರೂ ಕೇಳಲಿಲ್ಲ. ಠಾಣೆಯವರು ಒಬ್ಬೊಬ್ಬರಾಗಿ ಬಂದು, ಜನರ ಬಂದೂಕಿಗೆ ಪೂಜೆ ಮಾಡಿಲ್ಲ ಎಂದು ಪ್ರಮಾಣ ಮಾಡಿ ಹೋದರು. ಬೆಳ್ಳಶೆಟ್ಟಿ ಕಟಕಟೆಯಲ್ಲಿ ನಿಂತು, ಕುಂಕುಮ ಇಟ್ಟಿದ್ದು ರಾಚಣ್ಣನೇ ಸ್ವಾಮಿ, ವಾಪಸ್ ಕೊಡುವಾಗ ಪೂಜೆ ಮಾಡಿದ್ದೀನಿ, ಒರೆಸಬೇಡ ಎಂದು ಅವನೇ ಹೇಳಿದ ಎಂದ. ಹಿಂದಿನ ಸಾಲಿನಿಂದ ಯಾರೋ ಥೂ ಎಂದರು. ಕೊಂದಿದ್ದೂ ಅಲ್ಲದೆ ಸತ್ತವನ ಮೇಲೇ ಹೊರಿಸುತ್ತಾನೆ ಎಂದರು.

ಆಮೇಲೆ ನನ್ನನ್ನು ಕರೆದರು. ನೀವು ಸತ್ತವರ ತಂಗಿಯಲ್ಲವೇ ಎಂದು ನ್ಯಾಯಾಧೀಶರು ಕೇಳಿ, ಆರೋಪಿಯ ಕಡೆಯಿಂದ ಇದಕ್ಕೆ ಆಕ್ಷೇಪಣೆ ಇದೆಯೇ ಎಂದು ವಿಚಾರಿಸಿದರು. ಅವನಿಗೆ ಸರ್ಕಾರವೇ ಕೊಟ್ಟಿದ್ದ ವಕೀಲ ಎದ್ದು, ಇಲ್ಲ ಸ್ವಾಮಿ, ನಮ್ಮ ಕಕ್ಷಿದಾರರೇ ಬೇಡ ಎಂದಿದ್ದಾರೆ, ಆ ಹೆಣ್ಣುಮಗಳನ್ನು ಕೂಸಾಗಿದ್ದಾಗಿಂದ ನೋಡಿದ್ದೀನಿ, ಸುಳ್ಳು ಹೇಳುವವಳಲ್ಲ ಎನ್ನುತ್ತಾರೆ ಎಂದ. ನಾನು ಬೆಳ್ಳಣ್ಣನ ಕಡೆ ನೋಡಿದೆ. ಅವನು ಧೈರ್ಯ ಹೇಳುವವನ ಹಾಗೆ ತಲೆಯಾಡಿಸಿದ. ಮೊದಲ ಸಾಲಿನಲ್ಲಿ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಫೋನು ನನ್ನ ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು.

ವಕೀಲ ಕೇಳಿದ: "ನಮ್ಮ ಕಕ್ಷಿದಾರರ ಕೈಗೆ ಬರುವ ಮೊದಲೇ ಆ ಕುಂಕುಮ ಅಲ್ಲಿತ್ತೇ? ಅದನ್ನು ಇಟ್ಟವರು ಯಾರು?"

ನಮ್ಮ ಪ್ರಯೋಗಾಲಯದ ವರದಿಗಳಲ್ಲಿ ಒಂದು ಮಾತಿದೆ. ಇಪ್ಪತ್ತು ವರ್ಷದಲ್ಲಿ ಸಾವಿರ ಸಲ ಬರೆದಿದ್ದೇನೆ. ಗೊತ್ತಾಗದೆ ಇದ್ದಾಗ ಬರೆಯುವ ಮಾತು. ಗೊತ್ತಿದ್ದೂ ಬಾಯಿ ಬಾರದವರು ಹೇಳಬೇಕಾದರೂ ಕನ್ನಡದಲ್ಲಿ ಅದೇ ಮಾತು.

"ಹೇಳಲಾಗುವುದಿಲ್ಲ," ಎಂದೆ.

ಗುಮಾಸ್ತೆ ಅದನ್ನು ಹಾಗೇ ಟೈಪು ಮಾಡಿಕೊಂಡಳು. ವಕೀಲ ಮತ್ತೊಮ್ಮೆ ಕೇಳಲಿಲ್ಲ, ಕೂತುಬಿಟ್ಟ. ಅತ್ತಿಗೆಯ ಕೈಯಿಂದ ಸೆರಗು ಜಾರಿತು. ನಾನು ಕೆಳಗಿಳಿದು ಬಂದೆ.

ಎಂಟು ದಿನಕ್ಕೆ ತೀರ್ಪು. ಉಸಿರಿರುವ ತನಕ. ಅವತ್ತು ಹೋಗಬಾರದು ಎಂದುಕೊಂಡವಳು ಹೋದೆ. ಓಣಿಯಂಥ ವರಾಂಡದಲ್ಲಿ ಕಂಬ ಹಿಡಿದು ನಿಂತಿದ್ದಾಗ ಬೆಳ್ಳಣ್ಣನನ್ನು ಇಬ್ಬರು ಕಾನ್ಸ್‌ಟೇಬಲ್‌ಗಳು ಕರೆದುಕೊಂಡು ಬಂದರು. ನನ್ನ ಮುಂದೆ ಬಂದಾಗ ಅವನು ನಿಂತ. ಪೊಲೀಸರೂ ನಿಂತರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಉಗಿಯುತ್ತಾನೆ ಎಂದುಕೊಂಡೆ, ಉಗಿಯಲಿ ಎಂದು ಮುಖ ಎತ್ತಿ ಕೊಟ್ಟೆ. ನನ್ನ ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು. ಅವನು ಬೇಡಿ ಹಾಕಿದ ಎರಡೂ ಕೈಯೆತ್ತಿ ನನ್ನ ತಲೆ ಸವರಿದ.

"ಬುಡವ್ವ, ಅಳಬ್ಯಾಡ," ಎಂದ. "ಗೊತ್ತಿದ್ರ ನೀ ಹೇಳ್ದೆ ಇರ್ತಿದ್ಯಾ?"